ಮೇಸ್ತ್ರಿಗಳು ಆರಿಸಿದ ಸ್ಟೀರಿಯೋ

ಮೇಸ್ತ್ರಿಗಳು ಯಾರ ಮನೆಗೆ ಹೋದರೂ ಮೊದಲು ಕೂರುತ್ತಿರಲಿಲ್ಲ, ಆಲಿಸುತ್ತಿದ್ದರು. ಹೊಸ್ತಿಲು ದಾಟಿದವರೇ ಕಣ್ಣು ಮುಚ್ಚಿ, ಕತ್ತನ್ನು ತುಸು ಎಡಕ್ಕೆ ವಾಲಿಸಿ, ಆ ಮನೆಯ ಫ್ಯಾನು, ನಲ್ಲಿ, ಬಾಗಿಲ ಕೀಲು ಏನೇನು ದೂರು ಹೇಳುತ್ತಿವೆಯೆಂದು ಕೇಳಿಸಿಕೊಂಡು, ಆಮೇಲೆ ಕುರ್ಚಿ ಎಳೆದುಕೊಂಡು, "ಫ್ಯಾನಿಗೆ ಇನ್ನೆರಡು ತಿಂಗಳು ಆಯುಸ್ಸು" ಎಂದು ವೈದ್ಯರ ಗಾಂಭೀರ್ಯದಲ್ಲಿ ನುಡಿಯುತ್ತಿದ್ದರು. ಹಾಳಾದ್ದು, ಅವರು ಹೇಳಿದ ಹಾಗೆಯೇ ಆಗುತ್ತಿತ್ತು. ನನ್ನ ಅಕ್ಕನ ಫ್ಲ್ಯಾಟಿಗೆ ಮೊದಲ ಸಲ ಬಂದ ದಿನ ಅವರು ನನ್ನನ್ನು ಮಾತಾಡಿಸುವುದಕ್ಕೆ ಮುಂಚೆ ಫ್ರಿಜ್ಜನ್ನು ವಿಚಾರಿಸಿಕೊಂಡರು.

ನೂಲಿನ ಗಿರಣಿಯೊಂದರಲ್ಲಿ ಮೂವತ್ತೊಂದು ವರ್ಷ ಯಂತ್ರಗಳ ಆರೈಕೆ ಮಾಡಿಕೊಂಡು ಬಂದ ಜೀವ ಅದು. ಬೂದು ಬಣ್ಣದ ಒಂದೇ ಕೋಟು. ಅದರ ಬಲಜೇಬು ಸದಾ ಹರಿದಿರುತ್ತಿತ್ತು, ಏಕೆಂದರೆ ಅಲ್ಲಿ ಮೊಳದುದ್ದದ ಸ್ಕ್ರೂಡ್ರೈವರೊಂದು ವಾಸವಾಗಿತ್ತು. ಓಡುವ ಯಂತ್ರಕ್ಕೆ ಅದರ ತುದಿ ತಾಗಿಸಿ, ಹಿಡಿಯನ್ನು ಕಿವಿಯ ಬುಡದ ಮೂಳೆಗೆ ಒತ್ತಿಕೊಂಡರೆ ಒಳಗಿನ ಬೇರಿಂಗ್ ನೆಟ್ಟಗಿದೆಯೋ ಸವೆಯುತ್ತಿದೆಯೋ ಅವರಿಗೆ ತಿಳಿಯುತ್ತಿತ್ತು. ಸವೆಯುವ ಬೇರಿಂಗ್ ಮೊದಮೊದಲು ಸೊಳ್ಳೆಯಷ್ಟು ಸಣ್ಣಗೆ ಸಿಳ್ಳು ಹಾಕುತ್ತದಂತೆ. ಆಗಲೇ ಹಿಡಿಯದಿದ್ದರೆ ಕಾಯುತ್ತದೆ, ಹತ್ತಿಯ ಧೂಳು ಕವಿದ ಶೆಡ್ಡಿನಲ್ಲಿ ಕಾದ ಲೋಹವಿದ್ದರೆ ಬೆಂಕಿ ಹೊತ್ತಲು ಗಳಿಗೆ ಸಾಕು. ಮುನ್ನೂರು ಜನ ಅವರ ಕಿವಿಯನ್ನು ನಂಬಿ ಕೆಲಸ ಮಾಡುತ್ತಿದ್ದರು. ಮೇಸ್ತ್ರಿಗಳ ಅನ್ನ, ಅಭಿಮಾನ ಎರಡೂ ಆ ಕಿವಿಯಲ್ಲೇ ಇದ್ದವು. ಎಡ ಭುಜ ಇಳಿಬಿಟ್ಟು, ಎರಡು ಪಾಳಿ ಒಟ್ಟಿಗೆ ಮುಗಿಸಿದವರಂತೆ ಕಾಲೆಳೆದು ನಡೆಯುವ ಆ ಮನುಷ್ಯನ ಮೈಯಲ್ಲಿ ದಣಿಯದ ಅಂಗ ಕಿವಿಯೊಂದೇ ಎಂದು ನಾವೆಲ್ಲ ತಿಳಿದಿದ್ದೆವು.

ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಅವಳೂ ಮೇಸ್ತ್ರಿಗಳೂ ಒಂದೊಂದು ಸಂಸಾರದಲ್ಲಿ ಕೈ ಸುಟ್ಟುಕೊಂಡು, ಐವತ್ತರ ಹೊಸ್ತಿಲಲ್ಲಿ ಒಬ್ಬರಿಗೊಬ್ಬರು ಸಿಕ್ಕವರು. ಆರು ವರ್ಷದ ಸ್ನೇಹ, ಎರಡು ಮನೆ, ನಡುವೆ ಶನಿವಾರಗಳು. ಭಾವ ಎನ್ನೋಣವೆಂದರೆ ಮದುವೆಯಾಗಿಲ್ಲ, ಹೆಸರು ಹಿಡಿದು ಕರೆಯೋಣವೆಂದರೆ ತಲೆ ನರೆತಿದೆ. ಹೀಗಾಗಿ ಗಿರಣಿಯವರಂತೆ ನಾನೂ ಮೇಸ್ತ್ರಿಗಳೇ ಎನ್ನುತ್ತಿದ್ದೆ.

ಅಕ್ಕನ ಹಳೆಯ ರೇಡಿಯೋ ಒಂದು ದಿನ ಗೊರಗೊರ ಎಂದು ಪ್ರಾಣ ಬಿಟ್ಟಿತು. ದಿನವಿಡೀ ಸಣ್ಣಕ್ಷರಗಳನ್ನು ನೋಡಿ ಕಣ್ಣು ಉರಿಯುವ ಅವಳಿಗೆ ಸಂಜೆ ದೀಪವಾರಿಸಿ ಕೂತು ಹಾಡು ಕೇಳುವುದೊಂದೇ ವಿಶ್ರಾಂತಿ. "ಅರ್ಧ ತಿಂಗಳ ಸಂಬಳ ದಾಟಬಾರದು. ಯಾವುದೋ ಒಂದು ತಗೊಂಡು ಬನ್ನಿ" ಎಂದಳು.

"ಯಾವುದೋ ಒಂದು ಅಂತ ಯಾವ ಅಂಗಡೀಲೂ ಮಾರಲ್ಲ" ಎಂದರು ಮೇಸ್ತ್ರಿಗಳು. ಅಲ್ಲಿಗೆ ನನ್ನ ಶನಿ ಶುರುವಾಯಿತು.

ನಾಲ್ಕು ಶನಿವಾರ, ಬೆಳಗಿನ ಪಾಳಿ ಮುಗಿಸಿ ಬಂದವರ ಬೆನ್ನಿಗೆ ಬಿದ್ದು, ಬಸ್ಸು ಹತ್ತಿ ಇಳಿದು, ನಾನು ಊರಿನ ಸ್ಟೀರಿಯೋ ಅಂಗಡಿಗಳನ್ನೆಲ್ಲ ಕಂಡೆ. ಕೊಳಲೂ ಕಿರುಗಂಟೆಯೂ ಇರುವ ಹಾಡಿನ ಒಂದು ಸಿ.ಡಿ.ಯನ್ನು ಅವರು ಕರ್ಚೀಫಿನಲ್ಲಿ ಸುತ್ತಿ ತರುತ್ತಿದ್ದರು. ಅದನ್ನು ಹಾಕಿಸಿ, ಅಂಗಡಿಯ ಫ್ಯಾನು ನಿಲ್ಲಿಸಿ, ಬೆವರುತ್ತ ಕೂತು, ಕೊನೆಗೆ ನಿಟ್ಟುಸಿರಿಟ್ಟು, "ಕಂಬಳಿ ಹೊದ್ದುಕೊಂಡು ಹಾಡ್ದಂಗಿದೆ. ಮೇಲಿನ ಸ್ವರ ಸತ್ತೋಗಿದೆ" ಎಂದು ಎದ್ದುಬಿಡುತ್ತಿದ್ದರು. ಒಬ್ಬ ಅಂಗಡಿಯವನು ಸಹನೆಗೆಟ್ಟು, "ಸಾರ್, ಇದಕ್ಕಿಂತ ಮೇಲಿಂದು ಬೇಕಂದ್ರೆ ಬಾವಲಿಗಳೇ ಕೇಳ್ಬೇಕು" ಎಂದ. ನನಗೋ ಕೋಣನ ಮುಂದೆ ಕಿನ್ನರಿ. ಎಲ್ಲವೂ ಒಂದೇ ಥರ, ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೆ ಅವರ ಕಿವಿಯ ಮುಂದೆ ನನ್ನದೇನು ಲೆಕ್ಕ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಆ ದಿನಗಳಲ್ಲಿ ಅವರ ಮನಸ್ಸೂ ಸರಿಯಿರಲಿಲ್ಲ. ಅವರು ಆಲಿಸಿ ಸರಿಯಿದೆಯೆಂದ ಯಂತ್ರವೊಂದರಲ್ಲಿ ಮಾರನೆಯ ದಿನವೇ ಬೇರಿಂಗ್ ಸುಟ್ಟು, ಒಂದು ರಾಶಿ ಹತ್ತಿಗೆ ಕಿಡಿ ಹಾರಿತ್ತು. ಯಾರಿಗೂ ಏನೂ ಆಗದೆ ಆರಿತು, ಪುಣ್ಯ. ಎಣ್ಣೆ ಹಾಕುವಾತ ಮೈಗಳ್ಳತನ ಮಾಡಿರಬೇಕು ಎಂದರು ಮೇಸ್ತ್ರಿಗಳು. ಅವರ ಮಾತಿಗೆ ಎದುರಿಲ್ಲ. ಇಪ್ಪತ್ತು ವರ್ಷ ಜೊತೆಗೆ ದುಡಿದ ಆ ಮನುಷ್ಯನನ್ನು ಕಸ ಗುಡಿಸಲು ಹಾಕಿದರು.

ಕೊನೆಗೆ ಯಾರೋ ಬಳಸಿ ಮಾರಿದ ಒಂದು ಸೆಟ್ಟು, ಎರಡು ಕಂದು ಸ್ಪೀಕರ್ ಪೆಟ್ಟಿಗೆಗಳ ಸಮೇತ, ಅವರ ಒಪ್ಪಿಗೆ ಪಡೆಯಿತು. ಅಕ್ಕನ ಕುರ್ಚಿಯಿಂದ ಎರಡೂ ಪೆಟ್ಟಿಗೆಗಳಿಗೆ ದಾರ ಹಿಡಿದು ಅಳೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೂರಿಸಿ, ಟ್ರೆಬಲ್ ಎಂಬ ಏರುಸ್ವರದ ಗುಂಡಿಯನ್ನು ತುದಿಯವರೆಗೆ ತಿರುಗಿಸಿ, "ಈಗ ಬಂತು ನೋಡಿ ಜೀವ" ಎಂದರು. ಕಿರುಗಂಟೆ ಸೂಜಿಯಂತೆ ಚುಚ್ಚಿತು. ಅಕ್ಕ ಒಂದು ಕ್ಷಣ ಕಣ್ಣು ಕಿರಿದು ಮಾಡಿ, "ಚೆನ್ನಾಗಿದೆ" ಎಂದಳು. ನಾನೂ ಚೆನ್ನಾಗಿದೆ ಎಂದೆ. ಜಗತ್ತಿನ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದುವವಳು ಇದೊಂದನ್ನು ಹಾಗೆಯೇ ಬಿಟ್ಟಳು.

ಮುಂದಿನ ಶನಿವಾರ ಬಂದಾಗ ಗುಂಡಿ ಅರ್ಧಕ್ಕಿಳಿದಿತ್ತು. ಮೇಸ್ತ್ರಿಗಳು ಮತ್ತೆ ಏರಿಸಿದರು. ಅದರ ಮುಂದಿನ ವಾರವೂ ಹಾಗೆಯೇ. ಗುಂಡಿ ಜಾರುತ್ತಿದೆಯೆಂದು ಸೆಟ್ಟನ್ನು ಬಿಚ್ಚಿದರು, ಮುಚ್ಚಿದರು, ಇನ್ನೊಂದು ವಾರ ಮತ್ತೆ ಬಿಚ್ಚಿದರು. ಮೂರನೆಯ ಸಲ ಬಿಚ್ಚಿದ ಮಧ್ಯಾಹ್ನ ನಾನೂ ಅಲ್ಲಿದ್ದೆ. ಹಾಸಿದ ಪತ್ರಿಕೆಯ ತುಂಬ ತಿರುಪುಗಳು. ನಡುವೆ ಮೊಣಕಾಲೂರಿ ಕೂತ ಮುದುಕ, ಹೌದು, ಅಂದು ಮೊದಲ ಬಾರಿಗೆ ಮುದುಕರಂತೆ ಕಂಡರು.

"ತಪ್ಪು ನಂದೇ. ನಿಮ್ಮ ದುಡ್ಡಿಗೆ ಕೆಟ್ಟ ಸಾಮಾನು ತಂದ್ಕೊಟ್ಟೆ" ಎಂದರು. "ನಾಳೆ ವಾಪಸ್ ಕೊಟ್ಟು ಬರ್ತೀನಿ. ಮತ್ತೆ ಹುಡುಕೋಣ."

ಅಕ್ಕ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ಸೆಟ್ಟಿಗೆ ಏನೂ ಆಗಿಲ್ಲ. ನೀವು ಹೋದ್ಮೇಲೆ ನಾನೇ ಇಳಿಸ್ತೀನಿ."

"ಯಾಕೆ?"

"ಕಿವಿ ನೋಯತ್ತೆ."

ಅವರು ನನ್ನ ಕಡೆ ತಿರುಗಿದರು. "ನಿಂಗೂ ಹಾಗೇನಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೂಂ ಎಂದೆ.

"ಯಾವತ್ತಿಂದ?"

"ತಂದ ದಿನದಿಂದಾನೂ" ಎಂದಳು ಅಕ್ಕ.

ಅವರು ಕೈಯಲ್ಲಿದ್ದ ತಿರುಪನ್ನು ಪತ್ರಿಕೆಯ ಮೇಲಿಟ್ಟರು. ಆಮೇಲೆ, "ಅಷ್ಟು ಅಂಗಡಿಯವ್ರನ್ನ ಬೈದು ಬಂದ್ನಲ್ಲ" ಎಂದು ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. ಅವರ ಮುಖದಲ್ಲಿ ಇನ್ನೇನೋ ಹೊಳೆದದ್ದು ನಮಗಿಬ್ಬರಿಗೂ ಕಂಡಿತು. "ಗಿರಣೀಲಿ ಅವನು ಎಣ್ಣೆ ಹಾಕಿದ್ದ. ಬೇರಿಂಗ್ ಸಿಳ್ಳು ಹಾಕಿರ್ಬೇಕು. ನಂಗೇ ಕೇಳ್ಸಿಲ್ಲ." ಅಕ್ಕ ಅವರ ಕೈ ಹಿಡಿದುಕೊಂಡಳು. ನನಗೆ ಅಲ್ಲಿ ಕೂರಲಾಗಲಿಲ್ಲ. ಕಾಫಿಯ ನೆಪ ಹೇಳಿ ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ.

ಸೋಮವಾರ ಬೆಳಿಗ್ಗೆ ಅವರು ಪಾಳಿಯ ಎಲ್ಲರ ಎದುರು ಮ್ಯಾನೇಜರಿಗೆ, ತಮ್ಮ ಕಿವಿ ಹೋಗಿದೆ, ಸುಟ್ಟ ಬೇರಿಂಗಿನ ತಪ್ಪು ತಮ್ಮದು, ಎಣ್ಣೆಯವನದಲ್ಲ ಎಂದು ಹೇಳಿದರಂತೆ. ಎಣ್ಣೆಯವನು ತನ್ನ ಜಾಗಕ್ಕೆ ಮರಳಿದ; ಮೇಸ್ತ್ರಿಗಳನ್ನು ಉಗ್ರಾಣದಲ್ಲಿ ಬೋಲ್ಟು ನಟ್ಟು ಎಣಿಸಿ ಕೊಡಲು ಕೂರಿಸಿದರು. ಆ ವಾರ ಬಂದು ಅಕ್ಕನ ಕುರ್ಚಿಯ ಪಕ್ಕ ಕೂತು, "ಗುಂಡಿ ನಿಮಗೆ ಬೇಕಾದಲ್ಲಿ ಇಡಿ. ನಂಗೆ ಬಂದಷ್ಟು ಬರ್ಲಿ" ಎಂದರು.

ಒಂದೇ ಇಂದ್ರಿಯವನ್ನು ಲೋಕದ ಸೇವೆಗೆ ತೇದುಕೊಂಡು ಬದುಕುವವರ ಒಂದು ಕುಲವಿದೆ. ಸವೆತವನ್ನು ಅವರು ಎಲ್ಲೆಲ್ಲೂ ಪತ್ತೆಹಚ್ಚಬಲ್ಲರು, ತಮ್ಮಲ್ಲಿ ಮಾತ್ರ ಅಲ್ಲ. ಅದನ್ನು ಇನ್ನೊಬ್ಬರೇ ಹೇಳಬೇಕು. ಪ್ರೀತಿಯಿಲ್ಲದವರು ಹೇಳಿದರೆ ಅವರು ನಂಬುವುದಿಲ್ಲ, ಪ್ರೀತಿಯಿರುವವರು ಹೇಳಲು ತಡಮಾಡುತ್ತಾರೆ. ಆ ತಡದಲ್ಲಿ ಯಾರೋ ಒಬ್ಬ ನಿರಪರಾಧಿ ಕಸ ಗುಡಿಸುತ್ತಿರುತ್ತಾನೆ.