ಸುಣ್ಣ ಒಣಗುವ ಹೊತ್ತು

"ಒಣಗ್ಯಾದೇನಪಾ ಇದು?"

ತಾನೇ ಹೀಗೆ ಕೇಳಿದ ಮೇಲೆಯೇ ಚಂದ್ರಾಮಪ್ಪನಿಗೆ ಎಚ್ಚರವಾಯಿತು. ಹೊಸ ಗಾರೆ ಮೆತ್ತಿದ ಶಾಲೆಯ ಉದ್ದ ಗೋಡೆಯ ಮುಂದೆ ಅವನೊಬ್ಬನೇ ನಿಂತಿದ್ದ. ಇಪ್ಪತ್ತೆರಡು ವರ್ಷ ಕುಂಚ ತೊಳೆಯುತ್ತ ಜೊತೆಗಾರನನ್ನು ಇದೇ ಮಾತು ಕೇಳಿದ್ದ. ದಸ್ತಗೀರಸಾಬ ಕಿರುಬೆರಳು ಅರ್ಧವೇ ಉಳಿದಿದ್ದ ತನ್ನ ಅಂಗೈಯನ್ನು ಗೋಡೆಗೆ ಒತ್ತಿ, "ಅವಸರ ಮಾಡಬ್ಯಾಡೋ ಚಂದ್ರಾಮಾ, ಸುಣ್ಣ ತಾನ ಹೇಳ್ತದ" ಎನ್ನುತ್ತಿದ್ದ. ಅವನು ಗಾರೆ ಮೆತ್ತಿ ನುಣುಪು ಮಾಡುವವನು, ಇವನು ಅದರ ಮೇಲೆ ಚಿತ್ರ ಬರೆಯುವವನು. ಶಹಾಪುರದಿಂದ ಸುರಪುರದವರೆಗೆ ಇವರಿಬ್ಬರ ಕೈ ಆಡದ ಗುಡಿಯಿರಲಿಲ್ಲ, ದರ್ಗಾ ಇರಲಿಲ್ಲ.

ದಸ್ತಗೀರಸಾಬ ಸತ್ತು ಎರಡು ವರ್ಷವಾಗಿತ್ತು. ಪೊಲೀಸ್ ಆ್ಯಕ್ಷನ್ ಆಗಿಯೂ ಅಷ್ಟೇ ವರ್ಷ. ಈ ಗೋಡೆಯ ಮೇಲೆ ಮೊದಲು ರಜಾಕಾರರು ಇದ್ದಿಲಿನಲ್ಲಿ ತಮ್ಮ ಘೋಷಣೆ ಬರೆದಿದ್ದರು. ಅವರು ಓಡಿಹೋದ ಮೇಲೆ ಸೇಡಿಗೆ ಬಂದ ಹೊರಗಿನ ಗುಂಪು ಡಾಂಬರಿನಲ್ಲಿ ತನ್ನದನ್ನು ಬರೆದಿತ್ತು. ಮಕ್ಕಳು ಎರಡನ್ನೂ ಓದುತ್ತ ಒಳಗೆ ಹೋಗುತ್ತಿದ್ದವು. ಲಿಂಗಣ್ಣ ಮಾಸ್ತರರು ಊರವರನ್ನು ಕೂಡಿಸಿ, "ಎಲ್ಲಾರೂ ಕೂಡಿ ಈ ಗ್ವಾಡಿ ಬರಿಯೋಣ್ರಿ. ಯಾರ ಹೆಸರೂ ಬ್ಯಾಡ, ನಮ್ಮೂರಿನ ಚಿತ್ರ ಇರಲಿ" ಎಂದರು. ಗಾರೆ ಹಾಕುವವರೇ ಇಲ್ಲವಲ್ಲ ಎಂದು ಎಲ್ಲರೂ ಕೆಳಗೆ ನೋಡಿದರು. ಮರುದಿನ ದಸ್ತಗೀರಸಾಬನ ಹೆಂಡತಿ ಆಮೀನಾ ಗಾರೆ ಸಾಮಾನಿನ ಬುಟ್ಟಿ ಹೊತ್ತು ಬಂದಳು.

"ನನ್ನ ಮಗಳು ಇದೇ ಸಾಲ್ಯಾಗ ಓದತಾಳ. ಅದಕ್ಕ ಬಂದೀನ್ರಿ," ಅಂದಳು ಮಾಸ್ತರರಿಗೆ. ಚಂದ್ರಾಮಪ್ಪನ ಕಡೆ ನೋಡಲಿಲ್ಲ.

ಸುಣ್ಣಕ್ಕೆ ಮರಳು ಎಷ್ಟು, ಬೆಲ್ಲದ ನೀರು ಎಷ್ಟು ಎಂಬ ಹದವೆಲ್ಲ ಗಂಡನ ಕೈಯಿಂದ ಅವಳ ಕೈಗೆ ಬಂದಿತ್ತು. ಹನ್ನೊಂದು ದಿನ ಅವಳು ಮೆತ್ತಿದಳು, ಇವನು ಬರೆದ. ಹಿಂದೆ ಅವಳು ಇವನನ್ನು ಮೈದುನ ಎಂದು ಕಾಡುತ್ತಿದ್ದಳು. ಚಹಾ ಸಪ್ಪಗಿದೆ ಎಂದು ಇವನು ಅಂದರೆ, "ನಿನ್ನ ಬಾಯಾಗ ಇರೋದು ನಾಲಿಗಿ ಅಲ್ಲೋ, ಕುಂಚ" ಎನ್ನುತ್ತಿದ್ದಳು. ಈಗ "ನೀರು ತಗೋರಿ", "ಸರೀರಿ", ಅಷ್ಟೇ. ಆ 'ರಿ' ಬಿದ್ದಾಗಲೆಲ್ಲ ಅವನ ಕುಂಚ ಒಂದು ಗಳಿಗೆ ನಿಲ್ಲುತ್ತಿತ್ತು.

ಜನ ಒಬ್ಬೊಬ್ಬರಾಗಿ ಬರತೊಡಗಿದರು. ಗೋಡೆಯ ಮೇಲೆ ಬಾವಿ ಬಂತು, ಬೇವಿನ ಮರ ಬಂತು, ಕುರಿಹಿಂಡು ಬಂತು. ಎರಡು ವರ್ಷ ಒಬ್ಬರ ಓಣಿಗೆ ಒಬ್ಬರು ಕಾಲಿಡದವರು ಒಂದೇ ಗಡಿಗೆಯಲ್ಲಿ ಕುಂಚ ಅದ್ದಿದರು. ಕುರಿ ಕಾಯುವ ರೇಣಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, "ಯಪ್ಪಾ, ನನ್ನ ಟಗರಿಗಿ ಗೌಡನ ಮಾರಿ ಬಂದದಲ್ಲೋ!" ಎಂದಳು.

"ಕೋಡು ತಗದ್ರ ಪೂರಾ ಅವನ ನೋಡವ್ವಾ," ಎಂದ ಬಾವಿಯ ಗಾಲಿಗೆ ಬಣ್ಣ ತುಂಬುತ್ತಿದ್ದ ಮನ್ಸೂರಅಲಿ.

ಎಲ್ಲರೂ ನಕ್ಕರು. ಆಮೀನಾ ಕೂಡ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದನ್ನು ಕಂಡು ಚಂದ್ರಾಮಪ್ಪನೊಳಗೆ ಒಂದು ಆಸೆ ತಲೆಯೆತ್ತಿತು. ಈ ಗೋಡೆಯ ಮೇಲೆ ಅವಳ ಕೈಗುರುತು ಒಂದು ಬಿದ್ದರೆ ಸಾಕು, ಮತ್ತೇನೂ ಬೇಡ ಶಿವನೇ ಎಂದುಕೊಂಡ.

ಕೊನೆಯ ದಿನ ಗೋಡೆಯ ಬುಡಕ್ಕೆ ಕಾವಿ ಬಣ್ಣದ ಪಟ್ಟಿ ಬಳಿದರು. ಹಬ್ಬದಲ್ಲಿ ಮನೆ ಗೋಡೆಗೆ ಒತ್ತುವಂತೆ ಮನೆಗೊಂದು ಕೈ ಸುಣ್ಣದಲ್ಲಿ ಅದ್ದಿ ಒತ್ತಬೇಕೆಂದು ಮಾಸ್ತರರು ಹೇಳಿದರು. ಚಂದ್ರಾಮಪ್ಪ ತನ್ನ ಕೈ ಒತ್ತಿ, ಮಗ್ಗುಲಲ್ಲಿ ಒಂದು ಗೇಣು ಜಾಗ ಬಿಟ್ಟ.

"ನನ್ನ ಕೈ ಕಾಣವಲ್ದಲ್ಲೋ," ಎಂದಳು ರೇಣಮ್ಮ.

"ತಡಿಯವ್ವ. ಹಸಿ ಸುಣ್ಣ ಕಾಣಂಗಿಲ್ಲ. ಒಣಗಲಿ."

ಹೇಳಿದವನೇ ಕೈಯ ಸುಣ್ಣವನ್ನು ಧೋತರಕ್ಕೆ ಗಸಗಸ ಒರೆಸಿಕೊಂಡ.

ಎರಡು ವರ್ಷದ ಹಿಂದೆ, ಆ ಹೊರಗಿನ ಗುಂಪು ಸಾಬರನ್ನು ಹುಡುಕುತ್ತ ಓಣಿಗೆ ನುಗ್ಗಿದ ಮಧ್ಯಾಹ್ನ, ದಸ್ತಗೀರಸಾಬ ಸುಣ್ಣದ ಗುಂಡಿಯಿಂದ ಎದ್ದವನು ಕೈ ಕೂಡ ತೊಳೆಯದೆ ಓಡಿಬಂದು ಇವನ ಬಾಗಿಲು ಬಡಿದಿದ್ದ. "ಚಂದ್ರಾಮಾ, ಅಗಳಿ ತೆಗಿಯೋ." ಚಂದ್ರಾಮಪ್ಪ ಬಾಗಿಲಿಗೆ ಬೆನ್ನು ಕೊಟ್ಟು, ಶಿವನಾಮ ಹೇಳುತ್ತ ನಿಂತಿದ್ದ. ದಸ್ತಗೀರಸಾಬ ಇನ್ನೊಂದು ಸಲ ಕರೆದ. ಮೂರನೆಯ ಸಲ ಕರೆಯಲಿಲ್ಲ. ಸಂಜೆ ಹಳ್ಳದಿಂದ ಅವನ ಹೆಣ ತಂದರು. ಅಷ್ಟರೊಳಗೆ ಇವನು ಬಾಗಿಲ ಮೇಲಿನ ಸುಣ್ಣದ ಕೈಯನ್ನು ಒದ್ದೆ ಅರಿವೆಯಿಂದ ಒರೆಸಿದ್ದ. ಒರೆಸಿದಾಗ ಏನೂ ಉಳಿದಂತೆ ಕಾಣಲಿಲ್ಲ. ಜೀವಮಾನವೆಲ್ಲ ಸುಣ್ಣದ ಜೊತೆ ಕಳೆದವನು, ಒಣಗಿದ ಮೇಲೆ ಅದು ಎದ್ದು ಕಾಣುತ್ತದೆ ಎಂಬುದನ್ನೇ ಮರೆತಿದ್ದ. ಮರುದಿನ ಹೊತ್ತೇರಿದ ಮೇಲೆ ಹೊರಗೆ ಬಂದು ನೋಡಿದರೆ, ಕೆಂಪು ಬಾಗಿಲ ಮೇಲೆ ನಾಲ್ಕೂವರೆ ಬೆರಳು ಬೆಳ್ಳಗೆ ಎದ್ದು ನಿಂತಿದ್ದವು. ನಿಂತ ಕಾಲಲ್ಲೇ ಕಾವಿ ಕಲಸಿ ಎರಡು ಸಲ ಬಳಿದ. ಯಾರೂ ನೋಡಲಿಲ್ಲ ಎಂದೇ ಇಲ್ಲಿಯವರೆಗೆ ನಂಬಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಶಾಲೆಯ ಗೋಡೆಯ ಕಾವಿಯೊಳಗಿಂದ ಕೈಗಳು ಒಂದೊಂದಾಗಿ ಎದ್ದವು. ಜನ ತಮ್ಮ ತಮ್ಮ ಕೈ ಹುಡುಕಿಕೊಂಡು ಗದ್ದಲ ಮಾಡುತ್ತಿದ್ದರು. ಆಮೀನಾ ಗಾರೆ ಮೆತ್ತುವ ಕರಣಿ ತೊಳೆದು ಬುಟ್ಟಿಯಲ್ಲಿ ಇಡುತ್ತಿದ್ದಳು. ಚಂದ್ರಾಮಪ್ಪ ಸುಣ್ಣ ಕಲಸಿದ ಅಗಲ ಪರಾತ ಎತ್ತಿಕೊಂಡು ಅವಳ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕುಳಿತ.

"ಭಾಬಿ, ದಸ್ತಗೀರನ ಮನಿ ಕೈಯೊಂದ ಉಳದದ. ನನ್ನ ಮಗ್ಗಲ್ದಾಗ ಜಾಗ ಇಟ್ಟೀನಿ. ಒಂದ ಕೈ ಹಚ್ಚು."

"ಹೌದ್ರಿ ಆಮೀನಾಬಿ, ನಿಮ್ಮ ಕೈ ಇಲ್ಲಂದ್ರ ಗ್ವಾಡಿ ಪೂರಾ ಆಗಂಗಿಲ್ಲ," ಎಂದು ದೂರದಿಂದಲೇ ಕೂಗಿ ಮಾಸ್ತರರು ಮಕ್ಕಳ ಕಡೆ ತಿರುಗಿದರು.

ಹನ್ನೊಂದು ದಿನಗಳಲ್ಲಿ ಮೊದಲ ಸಲ ಆಮೀನಾ ಅವನ ಮುಖ ನೋಡಿದಳು.

"ಅವರ ಹೆಣಾ ತಂದ ಮರುದಿನ ಮುಂಜಾನಿ ನಾ ನಿಮ್ಮ ಮನಿಗೇ ಬಂದಿದ್ದೆ," ಅಂದಳು, ಅವನಿಗಷ್ಟೇ ಕೇಳುವಂತೆ. "ಹೆಣಕ್ಕ ಹೊಚ್ಚಾಕ ಕಫನಿನ ಅರಿವಿ ತರಸ್ರಿ ಅಂತ ಕೇಳಾಕ. ನೀವ ಬಿಟ್ರ ನನಗ ಮತ್ಯಾರಿದ್ರು? ಬಾಗಲಾ ಹಾಕಿತ್ತು."

ಚಂದ್ರಾಮಪ್ಪ ಪರಾತವನ್ನು ನೆಲಕ್ಕಿಟ್ಟ.

"ಬಡೀಲಿಕ್ಕ ಕೈ ಎತ್ತಿದೆ. ಅಲ್ಲಿ ಅವರ ಕೈ ಇತ್ತು."

"ಭಾಬಿ, ನಿನ್ನ ಪಾದಾ ಹಿಡಿತೀನಿ… ಒಂದ ಕೈ…"

ಆಮೀನಾ ಸುಣ್ಣಕ್ಕೆ ಬಿರಿದ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಗ್ವಾಡಿ ಮಾಡಿಕೊಟ್ಟೀನ್ರಿ," ಅಂದಳು. "ಕೈ ಹಚ್ಚಂಗಿಲ್ಲ."