ಕರಿಬಂಡೆಯ ಮೇಲೆ ಎರಡು

ಹಕ್ಕಿಗಳು ವಲಸೆ ಬರುವ ತಿಂಗಳ ಕಡೆಯ ಬೆಳಗು. ಕಡಲಂಚಿನ ಬಂಡೆಯ ಮೇಲೆ ಮೂವರು ಕುಳಿತಿದ್ದರು: ನಿವೃತ್ತ ಮೇಷ್ಟ್ರು, ಅವರ ಅಕ್ಕ, ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಭಾವ. ಕಂಡ ಹಕ್ಕಿಗಳನ್ನು ಬರೆದಿಡುವ ಪುಸ್ತಕ ಮೇಷ್ಟ್ರ ಕೈಯಲ್ಲಿ. ಇಬ್ಬರಾದರೂ ನೋಡದ ಹಕ್ಕಿ ಅದರೊಳಗೆ ಸೇರುವಂತಿಲ್ಲ. ‘ಮೊದಲು ಕಂಡವರು’ ಎಂಬ ಕಾಲಮ್ಮಿನಲ್ಲಿ ಆರು ವರ್ಷದಿಂದ ಭಾವನ ಹೆಸರು ಒಮ್ಮೆಯೂ ಸೇರಿರಲಿಲ್ಲ. ಕಸುಬಿನ ಚಾಳಿಗೆ ದುರ್ಬೀನನ್ನೂ ಒಂದೇ ಕಣ್ಣಿಗೆ ಹಿಡಿಯುತ್ತಿದ್ದರು. ಆ ಕಣ್ಣಿಗೆ ಹಕ್ಕಿ ಸಿಗುವಷ್ಟರಲ್ಲಿ ಅದು ಇನ್ನೊಂದು ದೇಶ ಸೇರಿರುತ್ತಿತ್ತು.

ಅಂದು ಅವರು ಉಸಿರು ಬಿಗಿಹಿಡಿದು ಪಿಸುಗುಟ್ಟಿದರು.

“ಮೇಷ್ಟ್ರೇ, ಆಚೆ ಆ ಕರಿಬಂಡೆ ಮೇಲೆ. ಕಂದು ಮೈ, ಕತ್ತಿನ ಸುತ್ತ ಬಿಳಿ ಪಟ್ಟಿ. ಕೂತಲ್ಲೇ ಕೂತಿದೆ.”

ಮೇಷ್ಟ್ರು ನೋಡಿದರು. ಅಲೆಗೆ ಸಿಕ್ಕಿ ನೆನೆದಿದ್ದಕ್ಕೆ ಬೆಳಿಗ್ಗೆ ತಾವೇ ಒಣಹಾಕಿದ್ದ ಒಂಟಿ ಕಾಲುಚೀಲ. ಬಾಯಿ ತೆರೆದರೆ, ಅದನ್ನು ಹೆಣೆದುಕೊಟ್ಟಿದ್ದ ಅಕ್ಕ ಅವರ ಬರಿಗಾಲನ್ನು ಮೆಲ್ಲಗೆ ತುಳಿದಳು. ಭಾವ ದುರ್ಬೀನನ್ನು ಕಣ್ಣಿನಿಂದ ಇಳಿಸಲೇ ಇಲ್ಲ. ಮೇಷ್ಟ್ರಿಗೆ ಸುಳ್ಳು ಬರೆಯಲು ಕೈ ಬಾರದು, ನಿಜ ಹೇಳಲು ನಾಲಿಗೆ ಏಳದು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಕಾಲ ತಳ್ಳಿದರು. ಅಕ್ಕ ಯಾರೂ ಕೇಳದ ಚಹಾ ಬಗ್ಗಿಸತೊಡಗಿದಳು.

“ಇನ್ನೊಂದು ಬಂತು,” ಎಂದರು ಭಾವ.

ಅಕ್ಕ ತಮ್ಮ ಇಬ್ಬರೂ ತಟ್ಟನೆ ತಿರುಗಿದರು. ಕಲ್ಲು ಮಗುಚಿ ಹುಳ ಹೆಕ್ಕುವ ಪುಟ್ಟ ಹಕ್ಕಿ, ಆ ವರ್ಷ ಯಾರ ಕಣ್ಣಿಗೂ ಬೀಳದ್ದು, ನಿಜವಾಗಿಯೂ ಬಂದಿತ್ತು. ಕಾಲುಚೀಲಕ್ಕೆ ಒಂದು ಸುತ್ತು ಹಾಕಿ, ಅದರಡಿಗೆ ಕೊಕ್ಕು ತೂರಿಸಿ, ಒಂದೇ ಏಟಿಗೆ ಮಗುಚಿತು. ಕಾಲುಚೀಲ ಕಡಲಿಗೆ, ಹಕ್ಕಿ ಆಕಾಶಕ್ಕೆ.

“ಗಂಡ ಹೆಂಡಿರ ಜಗಳ,” ಎಂದು ಭಾವ ನಿಟ್ಟುಸಿರಿಟ್ಟರು.

ಮೇಷ್ಟ್ರು ದುಂಡಗೆ ಬರೆದರು. ಮೊದಲು ಕಂಡವರು: ಭಾವ. ಎಷ್ಟು: ಒಂದು. ಎರಡು ಎಂದು ಭಾವ ಪಟ್ಟುಹಿಡಿದರು. ಕೊನೆಗೆ ‘ಇನ್ನೊಂದು ಅನುಮಾನ’ ಎಂದು ಸೇರಿಸಿದ ಮೇಲೇ ಸಮಾಧಾನ.

ಮನೆಯ ದಾರಿಯಲ್ಲಿ ಮೇಷ್ಟ್ರ ಒಂದು ಬೂಟು ಕಿರುಗುಟ್ಟುತ್ತಿತ್ತು. ಭಾವ ಬಗ್ಗಿ ನೋಡಿದರು. ಆ ಬೂಟಿನೊಳಗೆ ಕಾಲು ಬರಿದು. ಇನ್ನೊಂದರಲ್ಲಿ ಕಂದು ಬಣ್ಣ, ಬಿಳಿ ಪಟ್ಟಿ.

“ಎರಡನೇದನ್ನ ಹೊಡೆದುಹಾಕಿಬಿಡಿ, ಮೇಷ್ಟ್ರೇ.”

“ಇರಲಿ ಬಿಡಿ ಭಾವ, ಪುಟ ಕೊಳಕಾಗುತ್ತೆ.”

“ಮತ್ತೆ ಆ ಒಂದು?”

“ಅದು ನಿಮ್ಮದೇ. ನೀವು ಹೇಳೋವರೆಗೂ ನಾವಿಬ್ರೂ ಚಹಾ ನೋಡ್ತಾ ಇದ್ವಿ.”