ಕಂಬಳಿಯೊಳಗಿನ ಮೀನು

ಮೀನಿನ ಹುರುಪೆ ಹೆರೆಯುತ್ತಿದ್ದ ಲಗಮವ್ವ ಅರ್ಧಕ್ಕೇ ಬಿಟ್ಟು ಕೈ ತೊಳೆದಳು. ಬಕೆಟ್ಟಿನಿಂದ ಒಂದು ಜೀವಂತ ಕಟ್ಲಾ ಎತ್ತಿಕೊಂಡು "ಬಾ" ಎಂದು ಗಂಡನನ್ನು ಕರೆದಳು. ಭರಮು ಬಂದ. ಇಬ್ಬರೂ ಮೀನಿನ ಸಮೇತ ಕಂಬಳಿ ಹೊದ್ದುಕೊಂಡರು.

ಅಂಕಲಿಯ ಸಂತೆಗೆ ಇದು ರೂಢಿಯಾಗಿತ್ತು. ಪಕ್ಕದಲ್ಲಿ ಮೀನು ಮಾರುವ ಗಂಗಾರಾಮನಿಗೆ ಮಾತ್ರ ಇನ್ನೂ ಹೊಸದು.

"ವೈನಿ, ಹೊತ್ತರೆ ಮುಳುಗ್ಲಿ, ತಡೀರಿ!"

"ಬಾಯಿ ಮುಚ್ಚೋ. ಸಂಶೋಧನೆ ಮಾಡಾಕತ್ತೇವಿ," ಎಂದಿತು ಕಂಬಳಿ.

ಸಂಶೋಧನೆ ಅವಳ ತಮ್ಮನ ಮಗಳು ಸೋನಾಲಿಯದು. ಕೊಲ್ಲಾಪುರದಲ್ಲಿ ಓದುವ ಹುಡುಗಿ ಕಬ್ಬಿನ ಸಿಪ್ಪೆಯಿಂದ ಸೆಲ್ಯುಲೋಸ್ ತೆಗೆದು ಕಾಗದದ ಪಟ್ಟಿ ಮಾಡಿದ್ದಳು. ಕತ್ತಲಲ್ಲಿ ನೀಲಿ ಬೆಳಕಿನ ಬ್ಯಾಟರಿ ಬಿಟ್ಟರೆ ಪಟ್ಟಿ ಹಸಿರಾಗಿ ಹೊಳೆಯುತ್ತದೆ. ಕೆಟ್ಟ ಮೀನಿನ ಆವಿ ತಗುಲಿದರೆ ಕೆಂಪಾಗುತ್ತದೆ. ಸಂತೆಯಲ್ಲಿ ಇದು ನಡೆಯುತ್ತದೋ ಇಲ್ಲವೋ ಎಂದು ಅತ್ತೆ ಪತ್ರ ಬರೆಯಬೇಕು. ಅದು ಬಾರದೆ ಸೋನಾಲಿಯ ಕಾಲೇಜಿನ ಸಾಹೇಬರು ಕೆಲಸ ಮುಂದುವರಿಸಲು ಬಿಡುವುದಿಲ್ಲ.

ಮಳೆಗಾಲದಿಂದ ಲಗಮವ್ವ ಬರೆದಿರಲಿಲ್ಲ. ಕೃಷ್ಣೆಯಿಂದ ಆಗಷ್ಟೇ ಬಂದ ಮೀನೂ ಕೆಂಪು ತೋರಿಸುತ್ತಿತ್ತು. ನಿಜ ಬರೆದರೆ ಹುಡುಗಿಯ ಓದು ಮುಳುಗುತ್ತದೆ. ಸುಳ್ಳು ಬರೆಯಲು ಕೈ ಬಾರದು.

ಈ ಸಲವೂ ಕೆಂಪೇ.

"ಕೆಟ್ಟೈತಿ," ಎಂದ ಭರಮು. ಮೀನು ಅವನ ಮೊಣಕಾಲಿಗೆ ಬಾಲದಿಂದ ಬಾರಿಸಿತು.

ಲಗಮವ್ವ ಬ್ಯಾಟರಿಯನ್ನು ಹತ್ತಿರ ತಂದಳು. ಪಟ್ಟಿ ಕೆಂಪಾದದ್ದು ಅವನು ಹಿಡಿದ ತುದಿಯಲ್ಲಿ, ಹೆಬ್ಬೆರಳಿನ ಆಕಾರದಲ್ಲಿ.

"ಕೈ ತೋರ್ಸು."

ಅಂಗೈಯಲ್ಲಿ ನಿಪ್ಪಾಣಿ ತಂಬಾಕು, ಹೆಬ್ಬೆರಳಿಗೆ ಸುಣ್ಣ. ಪಟ್ಟಿ ಹಿಡಿಯುವ ಕೆಲಸ ಯಾವಾಗಲೂ ಅವನದು; ತಂಬಾಕು ತಿಕ್ಕದೆ ಭರಮು ಯಾವ ಕೆಲಸಕ್ಕೂ ಕೈ ಹಾಕಿದವನಲ್ಲ.

ಅವಳೇ ಹೊಸ ಪಟ್ಟಿ ಹಿಡಿದಳು. ಹಸಿರು. ಚೂರು ಸುಣ್ಣ ಸವರಿದಳು. ಕೆಂಪು. ಮತ್ತೊಂದು ಪಟ್ಟಿ ತೆಗೆದುಕೊಂಡು, ಗಂಗಾರಾಮನ ಬುಟ್ಟಿಯ ತಳದಿಂದ ಒಂದು ಮೀನನ್ನು ಕೇಳದೆಯೇ ಕಂಬಳಿಯೊಳಗೆ ಒಯ್ದಳು. ಪಟ್ಟಿ ಪೂರಾ ಕೆಂಪಾಯಿತು.

"ಗಂಗಾರಾಮ, ಇದು ಯಾವಾಗಿಂದು?"

ಗಂಗಾರಾಮ ಬುಟ್ಟಿಯ ಮೇಲೆ ಗೋಣಿಚೀಲ ಎಳೆದು ಮುಚ್ಚಿದ.

"ಸುಣ್ಣಿಲ್ಲದ ತಂಬಾಕ ಹ್ಯಾಂಗ ತಿನ್ನೂದು?" ಎಂದ ಭರಮು.

"ತಿನ್ನು. ಪಟ್ಟಿ ಮುಟ್ಟಬ್ಯಾಡ."

ಲಗಮವ್ವ ಅಲ್ಲೇ ಕೂತು ಬರೆದಳು: "ಸೋನಾಲಿ, ಮೀನೂ ಚೊಲೋ ಐತಿ, ನಿನ್ನ ಪಟ್ಟಿನೂ ಚೊಲೋ ಐತಿ. ತಪ್ಪು ನಿಮ್ಮ ಮಾಮಾಂದು. ಹಿಡಿಯೋ ತುದಿಗೆ ಬ್ಯಾರೆ ಕಾಗದ ಹಚ್ಚು. ನಮ್ಮ ಕಡೆ ಗಂಡಸರ ಹೆಬ್ಬೆರಳಿಗೆಲ್ಲ ಸುಣ್ಣ ಇರ್ತೈತಿ."

ಲಕೋಟೆ ಅಂಟಿಸಿದಳು. ಅಂಚೆ ಡಬ್ಬಿಗೆ ಹಾಕಿ ಬರಲು ಭರಮು ಕೈ ಚಾಚಿದ.

"ಮೊದ್ಲ ತೊಳ್ಕೊ," ಎಂದಳು.

ಅವನು ತೊಳೆದುಕೊಂಡು ಬಂದ. ಕೈಯನ್ನು ಎರಡೂ ಮಗ್ಗುಲು ನೋಡಿ ಪತ್ರ ಕೊಟ್ಟಳು. ಅವನು ಹೋಗಿ ಡಬ್ಬಿಗೆ ಹಾಕಿದ.